ಆರಾನೆ ಭಾರ ಹೊತ್ತು ಹಾರುವ ಅಂಗಡಿ

ಒಂದೇ ವಿಮಾನ, ಒಂದೇ ಹಾರಾಟ, ಅದರ ಹೊಟ್ಟೆಯೊಳಗೆ 20,000 ಪೊಟ್ಟಣ! 2023ರ ಜನವರಿ 23ರಂದು ಹೈದರಾಬಾದಿನಲ್ಲಿ ಅಮೆಜಾನ್ ಕಂಪನಿ ಭಾರತದ ತನ್ನ ಸರಕು ವಿಮಾನ ಸೇವೆಗೆ ಚಾಲನೆ ಕೊಟ್ಟಾಗ ಮುಂದಿಟ್ಟ ಲೆಕ್ಕ ಇದು. ಉತ್ತರ ಅಮೆರಿಕ, ಯುರೋಪ್ ಬಿಟ್ಟರೆ ಆ ಕಂಪನಿ ವಿಮಾನ ಹಾರಿಸಿದ ಮೂರನೆಯ ನೆಲ ನಮ್ಮದು. ಹೈದರಾಬಾದ್, ಬೆಂಗಳೂರು, ದೆಹಲಿ, ಮುಂಬೈ ಈ ನಾಲ್ಕು ಊರುಗಳ ನಡುವೆ ಬೋಯಿಂಗ್ 737-800 ವಿಮಾನದ ಓಡಾಟ; ಅದನ್ನು ಹಾರಿಸುವ ಹೊಣೆ ಹೊತ್ತದ್ದು ನಮ್ಮ ಬೆಂಗಳೂರಿನ ಕ್ವಿಕ್‌ಜೆಟ್ ಕಾರ್ಗೋ ಏರ್‌ಲೈನ್ಸ್. ಅಂಗಡಿಯವರು ಸೈಕಲ್ ಇಟ್ಟುಕೊಳ್ಳುವುದನ್ನು ಕಂಡಿದ್ದೇವೆ, ಟಂಟಂ ಇಟ್ಟುಕೊಳ್ಳುವುದನ್ನು ಕಂಡಿದ್ದೇವೆ, ಲಾರಿ ಇಟ್ಟುಕೊಂಡವರೂ ಉಂಟು. ಸಾಮಾನು ಸಾಗಿಸಲು ವಿಮಾನವನ್ನೇ ಇಟ್ಟುಕೊಂಡ ಅಂಗಡಿ ಎಂದರೆ ಎಷ್ಟು ದೊಡ್ಡದಿರಬೇಕು? ಬನ್ನಿ, ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಅಳತೆಗೋಲನ್ನೇ ಕೈಗೆತ್ತಿಕೊಂಡು ಅಳೆದುಬಿಡೋಣ.

ಮೊದಲು ಆ 20,000 ಅನ್ನೇ ಹಿಡಿಯೋಣ. 2011ರ ಜನಗಣತಿಯ ಪ್ರಕಾರ ಸಿಂಧನೂರು ಪಟ್ಟಣದ ಜನಸಂಖ್ಯೆ 75 ಸಾವಿರಕ್ಕೂ ಹೆಚ್ಚು. ಹಸುಗೂಸಿನಿಂದ ಹಿಡಿದು ಹಣ್ಣುಹಣ್ಣು ಮುದುಕರವರೆಗೆ ಒಬ್ಬೊಬ್ಬರಿಗೂ ಒಂದೊಂದು ಪೊಟ್ಟಣ ಹಂಚಬೇಕೆಂದರೆ ಈ ವಿಮಾನ ನಾಲ್ಕು ಸಲ ಹಾರಿದರೆ ಸಾಕು. ಇದೇ ಮಾದರಿಯ ವಿಮಾನದಲ್ಲಿ ಆಸನ ಹಾಕಿ ಜನರನ್ನು ಕೂರಿಸಿದರೆ ಹಿಡಿಯುವುದು ಹೆಚ್ಚೆಂದರೆ 189 ಮಂದಿ. ಆಸನಗಳನ್ನು ಕಿತ್ತು, ಕಿಟಕಿಗಳನ್ನು ಮುಚ್ಚಿ, ಪಕ್ಕೆಗೆ ಒಂದು ದೊಡ್ಡ ಬಾಗಿಲು ಕೊರೆದದ್ದೇ ತಡ, ಒಬ್ಬ ಪ್ರಯಾಣಿಕ ಕಾಲು ಮುದುರಿ ಕೂರುತ್ತಿದ್ದ ಜಾಗದ ಪಾಲಿಗೆ 105 ಪೊಟ್ಟಣ ಬಂದು ಕುಳಿತವು!

ಇನ್ನು ತೂಕ. ಈ ಸರಕು ವಿಮಾನ ಹೊರುವ ಭಾರ ಸುಮಾರು 24 ಟನ್. ಬೆಳೆದ ಒಂದು ಆನೆಗೆ 4 ಟನ್ ಎಂದು ಹಿಡಿದರೆ, ಆರು ಆನೆಗಳನ್ನು ಬೆನ್ನ ಮೇಲೆ ಹೊತ್ತು ಮೋಡದ ಮೇಲೆ ಹಾರಿದಂತಾಯಿತು. ಆನೆ ನಮ್ಮ ಸೀಮೆಯದಲ್ಲ ಎನ್ನುತ್ತೀರಾ? ಹಾಗಾದರೆ ಭತ್ತದ ಲೆಕ್ಕಕ್ಕೆ ಬನ್ನಿ. ಸಿಂಧನೂರಿನ ಕಡೆ ಭತ್ತದ ಚೀಲವೆಂದರೆ 75 ಕಿಲೋ. ಅಂಥ 320 ಚೀಲ ಈ ವಿಮಾನದ ಒಂದು ಲೋಡು. ಹಮಾಲರು ಒಂದೊಂದಾಗಿ ಹೆಗಲಿಗೇರಿಸಿ ಇಳಿಸುವ 320 ಚೀಲಗಳು ಗಂಟೆಗೆ 830 ಕಿಲೋಮೀಟರ್ ವೇಗದಲ್ಲಿ ಆಕಾಶದಲ್ಲಿ ಓಡುತ್ತಿವೆ ಎಂದುಕೊಳ್ಳಿ! ಈಗ 24 ಟನ್ನನ್ನು 20,000 ಪೊಟ್ಟಣಗಳಿಗೆ ಹಂಚಿ ನೋಡಿ. ಒಂದೊಂದರ ಪಾಲಿಗೆ ಬರುವುದು 1 ಕಿಲೋ 200 ಗ್ರಾಂ. ಇಷ್ಟು ದೊಡ್ಡ ಯಂತ್ರ ಎದ್ದು ಹಾರುವುದು ಕಿಲೋ ಲೆಕ್ಕದ ಚಿಕ್ಕಚಿಕ್ಕ ಗಂಟುಗಳಿಗಾಗಿ: ಒಂದು ಜೊತೆ ಚಪ್ಪಲಿ, ಒಂದು ಮೊಬೈಲು, ಪರೀಕ್ಷೆಗೆ ಓದುವ ಹುಡುಗಿಯ ನಾಲ್ಕು ಪುಸ್ತಕ.

ಲಿಂಗಸುಗೂರು ತಾಲ್ಲೂಕಿನವರಿಗೆ ಇನ್ನೊಂದು ಅಳತೆ ಕೈಗೆಟುಕುವಂತಿದೆ: ಹಟ್ಟಿ ಚಿನ್ನ. ಸಾವಿರಾರು ಕಾರ್ಮಿಕರು ನೆಲದಾಳಕ್ಕಿಳಿದು, ಟನ್ನುಗಟ್ಟಲೆ ಕಲ್ಲನ್ನು ಅಗೆದು, ಅರೆದು, ಸೋಸಿದ ಮೇಲೆ ಹಟ್ಟಿ ಗಣಿಯಿಂದ ಒಂದು ವರ್ಷಕ್ಕೆ ಹೊರಬೀಳುವ ಚಿನ್ನ ಸುಮಾರು ಒಂದೂವರೆ ಟನ್. ಆ ಲೆಕ್ಕದಲ್ಲಿ ಹತ್ತು ವರ್ಷಕ್ಕೂ ಮಿಕ್ಕಿದ ಹಟ್ಟಿಯ ಗಳಿಕೆಯನ್ನು ಈ ವಿಮಾನ ಒಂದೇ ಸಲ ಎತ್ತಿಕೊಂಡು ಹೋಗಬಲ್ಲದು. ಅದಕ್ಕಿಂತ ದೊಡ್ಡ ಬೆರಗು ಮುಂದಿದೆ. 24 ಟನ್ ಚಿನ್ನವನ್ನು ಕರಗಿಸಿ ಒಂದೇ ಗಟ್ಟಿ ಮಾಡಿದರೆ ಅದು ಎಷ್ಟು ದೊಡ್ಡದಾದೀತು? ಉದ್ದ, ಅಗಲ, ಎತ್ತರ ಮೂರೂ ಒಂದು ಮೀಟರಿಗಿಂತ ನಾಲ್ಕೇ ಬೆರಳು ಹೆಚ್ಚು! ಸೊಂಟದೆತ್ತರದ ಆ ಒಂದು ಗಟ್ಟಿಗೇ ವಿಮಾನದ ಭಾರದ ಮಿತಿ ಮುಗಿದುಹೋಗುತ್ತದೆ, ಉಳಿದ ಹೊಟ್ಟೆಯೆಲ್ಲ ಖಾಲಿ. ಆನ್‌ಲೈನ್ ಪೊಟ್ಟಣಗಳದ್ದು ಇದರ ತಿರುಗುಮುರುಗು. ಗಾಳಿ ತುಂಬಿದ ಡಬ್ಬಿ, ಉಬ್ಬಿದ ಪ್ಲಾಸ್ಟಿಕ್ ಚೀಲ ಸೇರಿ ತೂಕದ ಮಿತಿ ಮುಟ್ಟುವ ಮೊದಲೇ ಜಾಗ ಭರ್ತಿಯಾಗಿಬಿಡುತ್ತದೆ.

ಭಾರ ಆಯಿತು, ಈಗ ವೇಗ. ಲಿಂಗಸುಗೂರಿನಿಂದ ಮಸ್ಕಿಯ ಮೇಲೆ ಹಾದು ಸಿಂಧನೂರಿಗೆ 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ಐವತ್ತು ಕಿಲೋಮೀಟರಿನ ಆಸುಪಾಸು. ಬಸ್ಸಿಗೆ ಒಂದು ಗಂಟೆ ಬೇಕೇಬೇಕು. 737 ವಿಮಾನ ಆ ದೂರವನ್ನು ದಾಟುವುದು ನಾಲ್ಕು ನಿಮಿಷದೊಳಗೆ. ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಟಿಕೆಟ್ ಹರಿದುಕೊಟ್ಟು ಚಿಲ್ಲರೆ ಎಣಿಸುವಷ್ಟರಲ್ಲಿ ಮಸ್ಕಿ ಹಿಂದಾಗಿರುತ್ತದೆ, ಸಿಂಧನೂರು ಕಾಲ ಕೆಳಗೆ ಬಂದಿರುತ್ತದೆ. ಇದೇ ಓಟದಲ್ಲಿ ಎಲ್ಲೂ ಇಳಿಯದೆ ಸಾಗಿದರೆ 40,075 ಕಿಲೋಮೀಟರಿನ ಭೂಮಧ್ಯರೇಖೆಯನ್ನು ಒಂದು ಸುತ್ತು ಹಾಕಲು ಹೆಚ್ಚುಕಡಿಮೆ ಎರಡು ದಿನ.

ವೇಗದ ಮಾತು ಬಂದಾಗ ಮಸ್ಕಿಯ ಬೆಟ್ಟವನ್ನು ಮರೆಯುವುದುಂಟೇ? ಅಲ್ಲಿಯ ಬಂಡೆಯ ಮೇಲಿರುವುದು ಸುಮಾರು 2,280 ವರ್ಷ ಹಳೆಯ ಸಂದೇಶ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದ ಆ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನ ಪಕ್ಕದಲ್ಲೇ ‘ಅಶೋಕ’ ಎಂಬ ಹೆಸರು ಸಿಕ್ಕಿ ಇಡೀ ದೇಶದ ಚರಿತ್ರೆಗೆ ಬೆಳಕಾಯಿತು. ಆ ಸಂದೇಶದ ಒಡೆಯ ಇದ್ದದ್ದು ಪಾಟಲಿಪುತ್ರದಲ್ಲಿ. ಇಂದಿನ ಪಟ್ನಾದಿಂದ ಮಸ್ಕಿಗೆ ಗೆರೆ ಎಳೆದಂತೆ ಅಳೆದರೂ 1,400 ಕಿಲೋಮೀಟರಿನ ಹತ್ತಿರ. ದಿನಕ್ಕೆ 30 ಕಿಲೋಮೀಟರ್ ನಡೆಯುವ ಗಟ್ಟಿ ಕಾಲಿನ ದೂತ ಕಾಡು, ಹೊಳೆ, ಗುಡ್ಡ ಯಾವುದಕ್ಕೂ ಸುತ್ತು ಬಳಸದೆ ನೆಟ್ಟಗೆ ಬಂದರೂ 46 ದಿನ. ವಿಮಾನಕ್ಕೆ 1 ಗಂಟೆ 40 ನಿಮಿಷ! ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಇದೇ ಶಾಸನದ ಪಾಠದಲ್ಲಿ 256 ಎಂಬ ಸಂಖ್ಯೆ ಬರುತ್ತದೆ. ಅದು ಸಂಚಾರದಲ್ಲಿ ಕಳೆದ ರಾತ್ರಿಗಳ ಲೆಕ್ಕ ಎಂದು ವಿದ್ವಾಂಸರು ಓದುತ್ತಾರೆ. ಅಷ್ಟೇ 256 ಹಗಲು, 256 ರಾತ್ರಿ ಈ ವಿಮಾನ ನಿಲ್ಲದೆ ಹಾರಿದರೆ ಭೂಮಿಗೆ 127 ಪ್ರದಕ್ಷಿಣೆ ಮುಗಿಸಿರುತ್ತದೆ.

ಇಷ್ಟೆಲ್ಲ ಆಗಲು ಹಿಡಿದ ಕಾಲವಾದರೂ ಎಷ್ಟು? ಒಂದು ಶತಮಾನ ಮತ್ತು ಒಂದಿಷ್ಟು. 1910ರ ನವೆಂಬರ್ 7ರಂದು ಅಮೆರಿಕದ ಓಹಾಯೋ ರಾಜ್ಯದಲ್ಲಿ ಡೇಟನ್‌ನಿಂದ ಕೊಲಂಬಸ್‌ಗೆ ರೈಟ್ ಸಹೋದರರ ವಿಮಾನವೊಂದು ರೇಷ್ಮೆ ಬಟ್ಟೆ ಹೊತ್ತು ಹಾರಿತು. ವಿಮಾನದಲ್ಲಿ ಸರಕು ಸಾಗಿದ ಮೊದಲ ಪ್ರಸಂಗ ಅದು. ದೂರ ನೂರು ಕಿಲೋಮೀಟರ್ ಚಿಲ್ಲರೆ, ಹಿಡಿದ ಸಮಯ ಸುಮಾರು ಒಂದು ಗಂಟೆ, ಭಾರ ಸುಮಾರು 90 ಕಿಲೋ. ನಮ್ಮ ಒಂದು ಚೀಲ ಭತ್ತಕ್ಕಿಂತ ತುಸು ಹೆಚ್ಚು, ಅಷ್ಟೇ. ಆ ವಿಮಾನವನ್ನು ಗೊತ್ತು ಮಾಡಿದವರು ಯಾರೆಂದು ನೋಡಿದರೆ, ಒಂದು ಬಟ್ಟೆ ಅಂಗಡಿಯವರು! ಲೋಕದ ಮೊಟ್ಟಮೊದಲ ಸರಕು ವಿಮಾನವೇ ಒಬ್ಬ ವ್ಯಾಪಾರಿಯ ಸಾಮಾನಿಗಾಗಿ ಎದ್ದಿತು. ಅಂದಿನ 90 ಕಿಲೋ ಎಲ್ಲಿ, ಹೈದರಾಬಾದಿನ 24 ಟನ್ ಎಲ್ಲಿ: 266 ಪಟ್ಟು.

ಮೂರೇ ತಿಂಗಳಲ್ಲಿ ಸರದಿ ನಮ್ಮ ದೇಶದ್ದು. 1911ರ ಫೆಬ್ರವರಿ 18ರಂದು ಅಲಹಾಬಾದಿನಿಂದ ಯಮುನೆಯಾಚೆಯ ನೈನಿಗೆ ಆನ್ರಿ ಪೆಕೆ ಎಂಬ ಫ್ರೆಂಚ್ ವೈಮಾನಿಕ ಸುಮಾರು 6,500 ಕಾಗದಗಳನ್ನು ಹೊತ್ತೊಯ್ದ. ಹತ್ತು ಕಿಲೋಮೀಟರಿನಷ್ಟು ದಾರಿ, 13 ನಿಮಿಷ. ಜಗತ್ತಿನ ಮೊದಲ ಅಧಿಕೃತ ವಿಮಾನ ಅಂಚೆ ಹಾರಿದ್ದು ನ್ಯೂಯಾರ್ಕಿನಲ್ಲೂ ಅಲ್ಲ, ಲಂಡನ್ನಿನಲ್ಲೂ ಅಲ್ಲ, ಗಂಗೆ ಯಮುನೆ ಕೂಡುವ ಊರಿನಲ್ಲಿ! ಮುಂದೆ 1973ರ ಏಪ್ರಿಲ್ 17ರ ರಾತ್ರಿ ಅಮೆರಿಕದ ಮೆಂಫಿಸ್ ನಗರದಿಂದ ಪೊಟ್ಟಣ ಸಾಗಿಸುವ ಫೆಡೆಕ್ಸ್ ಕಂಪನಿ ಕೆಲಸ ಶುರುಮಾಡಿತು. ಆ ರಾತ್ರಿ 14 ವಿಮಾನ, 25 ಊರು, ಒಟ್ಟು 186 ಪೊಟ್ಟಣ. ವಿಮಾನಕ್ಕೆ 13ರಂತೆ! ಇಂದು ಒಂದು ವಿಮಾನಕ್ಕೆ 20,000. ಆ ರಾತ್ರಿಯ 14 ವಿಮಾನಗಳ ಇಡೀ ಸರಕಿನಂಥ 107 ಸರಕು ಈ ಒಂದರಲ್ಲಿ ಕೂರುತ್ತದೆ.

ಕನ್ನಡಿಗರೂ ಈ ಸಾಹಸಕ್ಕೆ ಕೈ ಹಾಕಿದ್ದುಂಟು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಸೇನೆ ಬಿಟ್ಟು ಬಂದು ರೇಷ್ಮೆ ಬೆಳೆದವರು. ಆ ಕೃಷಿಗಾಗಿ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಪಡೆದವರು. 2003ರಲ್ಲಿ ಏರ್ ಡೆಕ್ಕನ್ ಕಟ್ಟಿ ಸಾಮಾನ್ಯರನ್ನು ವಿಮಾನ ಹತ್ತಿಸಿದ ಅವರು 2009ರಲ್ಲಿ ಸರಕಿಗೆಂದೇ ಡೆಕ್ಕನ್ 360 ಶುರುಮಾಡಿದರು. ದೇಶದ ನಟ್ಟನಡುವಿನ ನಾಗಪುರ ಅದರ ಕೇಂದ್ರ, ಒಂದೊಂದೂ ಒಂಬತ್ತು ಆನೆ ಭಾರ ಎತ್ತುವ ಏರ್‌ಬಸ್ 310 ಅದರ ರೆಕ್ಕೆ. 2011ರಲ್ಲಿ ಆ ಸಂಸ್ಥೆ ನಿಂತಿತಾದರೂ ಕನಸಿನ ಅಳತೆ ಸಣ್ಣದಾಗಿರಲಿಲ್ಲ. ಇನ್ನು ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಂತೂ 2024-25ರ ಒಂದೇ ವರ್ಷದಲ್ಲಿ 5 ಲಕ್ಷ ಟನ್ ಸರಕಿನ ಗೆರೆ ದಾಟಿತು. ಆನೆಯ ಲೆಕ್ಕದಲ್ಲಿ 1 ಲಕ್ಷ 25 ಸಾವಿರ ಆನೆ. ದಿನಕ್ಕೆ 340ಕ್ಕೂ ಹೆಚ್ಚು. ಹಗಲಿರುಳು ಎನ್ನದೆ ನಾಲ್ಕು ನಿಮಿಷ ಚಿಲ್ಲರೆಗೊಂದು ಆನೆ ದೇವನಹಳ್ಳಿಯ ರನ್‌ವೇ ಮೇಲೆ ಏರುತ್ತಿದೆ ಇಲ್ಲವೇ ಇಳಿಯುತ್ತಿದೆ!

ಈಗ ಅಂಗಡಿಯ ಮೂಲಕ್ಕೇ ಹೋಗೋಣ. 1994ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂನಲ್ಲಿ, ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಜೆಫ್ ಬೆಜೋಸ್ ಶುರುಮಾಡಿದ ಪುಸ್ತಕದ ವ್ಯಾಪಾರ ಇದು. ಒಂದು ಕಾರು ನಿಲ್ಲಿಸುವಷ್ಟು ಜಾಗದಲ್ಲಿ ಹುಟ್ಟಿದ ಕಂಪನಿ 2015ರಲ್ಲಿ ಓಹಾಯೋದ ವಿಲ್ಮಿಂಗ್ಟನ್‌ನಲ್ಲಿ ವಿಮಾನ ಹಾರಾಟದ ಪ್ರಯೋಗ ಮಾಡಿತು. ಆ ರೇಷ್ಮೆ ಹೊರೆ ಮೇಲೆದ್ದ ಡೇಟನ್‌ನಿಂದ ಅದು ಒಂದು ಗಂಟೆಯ ಕಾರಿನ ದಾರಿ. 2016ರಲ್ಲಿ ಎರಡು ವಿಮಾನ ಕಂಪನಿಗಳೊಡನೆ ತಲಾ 20ರಂತೆ 40 ವಿಮಾನಗಳಿಗೆ ಒಪ್ಪಂದ, ಅದೇ ವರ್ಷ ಆಗಸ್ಟಿನಲ್ಲಿ ತನ್ನದೇ ಬಣ್ಣ ಬಳಿದ ಮೊದಲ ಬೋಯಿಂಗ್ 767. 2021ರಲ್ಲಿ ಬಾಡಿಗೆ ಸಾಲದೆಂದು ಸ್ವಂತಕ್ಕೇ 11 ವಿಮಾನಗಳ ಖರೀದಿ. ಈಗ ಬಳಗದಲ್ಲಿ ನೂರರ ಆಸುಪಾಸು ವಿಮಾನಗಳಿವೆ. ಗ್ಯಾರೇಜಿನಿಂದ ನೂರು ವಿಮಾನಕ್ಕೆ ಮೂವತ್ತು ವರ್ಷವೂ ಪೂರ್ತಿ ಹಿಡಿಯಲಿಲ್ಲ.

ಅವೂ ಎಂಥ ವಿಮಾನಗಳು! ಒಂದು ಬೋಯಿಂಗ್ 767 ಸುಮಾರು 52 ಟನ್ ಹೊರುತ್ತದೆ. ಅದು 13 ಆನೆ, ಮೈಸೂರು ದಸರೆಯ ಗಜಪಡೆ ಹೆಚ್ಚುಕಡಿಮೆ ಇಡಿಯಾಗಿ ಒಂದೇ ವಿಮಾನದಲ್ಲಿ ಹೊರಟಂತೆ. 2023ರಿಂದ ಸೇರಿಕೊಂಡ ಏರ್‌ಬಸ್ 330 ಇನ್ನೂ ದೊಡ್ಡದು, 60 ಟನ್, 15 ಆನೆ, ಭತ್ತವಾದರೆ 800 ಚೀಲ. ಭರ್ತಿ ತುಂಬಿದ 767 ತನ್ನ ಮೈ, ತನ್ನ ಇಂಧನ, ತನ್ನ ಸರಕು ಎಲ್ಲ ಸೇರಿ 186 ಟನ್ ತೂಗುತ್ತಾ ನೆಲ ಬಿಡುತ್ತದೆ. ಅಂದರೆ 46 ಆನೆಗಳ ಹಿಂಡು ಒಟ್ಟಿಗೆ ಕಾಲೆತ್ತಿ ಗಾಳಿಗೇರಿದ ಹಾಗೆ. ನೂರು ವಿಮಾನಗಳನ್ನು ರೆಕ್ಕೆಗೆ ರೆಕ್ಕೆ ತಾಗಿಸಿ ಸಾಲಾಗಿ ನಿಲ್ಲಿಸುತ್ತೇವೆಂದರೆ ಬೆಂಗಳೂರಿನ 4 ಕಿಲೋಮೀಟರ್ ಉದ್ದದ ರನ್‌ವೇ ಸಾಲದು. ಸರಾಸರಿ 40 ಟನ್ ಹಿಡಿದರೂ ಈ ಬಳಗ ಒಂದು ಸಲಕ್ಕೆ ಎತ್ತುವುದು 4,000 ಟನ್, ಸಾವಿರ ಆನೆ. 2023ರ ಗಣತಿಯಲ್ಲಿ ಕರ್ನಾಟಕದ ಕಾಡುಗಳಲ್ಲಿ ಸಿಕ್ಕ ಆನೆಗಳ ಸಂಖ್ಯೆ 6,395, ದೇಶದಲ್ಲೇ ಹೆಚ್ಚು. ಮರಿಗಳನ್ನೂ ದೊಡ್ಡ ಆನೆಯೆಂದೇ ಎಣಿಸಿದರೂ ನಮ್ಮ ನಾಡಿನ ಅಷ್ಟೂ ಆನೆಗಳ ಭಾರವನ್ನು ಈ ವಿಮಾನಗಳು ಏಳೇ ಸರದಿಯಲ್ಲಿ ಹೊತ್ತು ಮುಗಿಸುತ್ತವೆ.

ಇಷ್ಟು ವಿಮಾನ ಇಳಿಯಲು ಅಂಗಳ ಬೇಡವೇ? ಕೆಂಟಕಿ ರಾಜ್ಯದ ಉತ್ತರ ತುದಿಯಲ್ಲಿರುವ ಸಿನ್ಸಿನಾಟಿ ವಿಮಾನ ನಿಲ್ದಾಣದಲ್ಲಿ 600 ಎಕರೆ ಹಿಡಿದು, 150 ಕೋಟಿ ಡಾಲರ್ ಸುರಿದು ಅಮೆಜಾನ್ ಕಟ್ಟಿದ ಕೇಂದ್ರ 2021ರ ಆಗಸ್ಟಿನಲ್ಲಿ ತೆರೆಯಿತು. ಅಂದಿನ ದರದಲ್ಲಿ ಸುಮಾರು 11 ಸಾವಿರ ಕೋಟಿ ರೂಪಾಯಿ. 600 ಎಕರೆ ಎಂದರೆ ಎಷ್ಟೆಂದು ಸಿಂಧನೂರಿನ ರೈತರಿಗೆ ಹೇಳಬೇಕಾಗಿಲ್ಲ. ಎಕರೆಗೆ 35 ಚೀಲ ಬಂದರೂ ಒಂದು ಬೆಳೆಗೆ 21,000 ಚೀಲ ಭತ್ತ ಒಕ್ಕುವ ನೆಲ. ಅದಷ್ಟೂ ಪೊಟ್ಟಣ ವಿಂಗಡಿಸಿ ವಿಮಾನಕ್ಕೇರಿಸುವ ಕಣ!

ಅದೇ ಕೆಂಟಕಿಯ ಲೂಯಿವಿಲ್‌ನಲ್ಲಿ ಪೊಟ್ಟಣ ಸಾಗಿಸುವ ಇನ್ನೊಂದು ಕಂಪನಿ ಯುಪಿಎಸ್‌ನ ವಿಂಗಡಣೆ ಕೇಂದ್ರ ವರ್ಲ್ಡ್‌ಪೋರ್ಟ್ ಇದೆ. 52 ಲಕ್ಷ ಚದರಡಿ, ಅಂದರೆ ಒಂದೇ ಸೂರಿನಡಿ 119 ಎಕರೆ. ಒಳಗೆ ಪೊಟ್ಟಣಗಳನ್ನು ಹೊತ್ತು ಓಡುವ ಕನ್ವೇಯರ್ ಪಟ್ಟಿಗಳ ಒಟ್ಟು ಉದ್ದ 155 ಮೈಲಿ, ಸುಮಾರು 249 ಕಿಲೋಮೀಟರ್. ಮುನಿರಾಬಾದಿನಲ್ಲಿ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆಗಳಿಗೆಲ್ಲ ನೀರುಣಿಸಿ ರಾಯಚೂರಿನ ಕಡೆಗೆ ಸಾಗುವ ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆಯ ಉದ್ದವೇ ಸುಮಾರು 227 ಕಿಲೋಮೀಟರ್! ಜಿಲ್ಲೆ ಜಿಲ್ಲೆ ದಾಟುವ ಕಾಲುವೆಗಿಂತ ಒಂದು ಕಟ್ಟಡದೊಳಗಿನ ಪಟ್ಟಿ ಉದ್ದ. ಗಂಟೆಗೆ 4,16,000 ಪೊಟ್ಟಣ ವಿಂಗಡಿಸುವ ಶಕ್ತಿ ಅದಕ್ಕೆ. ಅಂದರೆ ಕಣ್ಣು ಪಿಳುಕಿಸುವ ಒಂದು ಸೆಕೆಂಡಿಗೆ 115. ಸಿಂಧನೂರಿನ ಎಲ್ಲರ ಪೊಟ್ಟಣ 11 ನಿಮಿಷದಲ್ಲಿ ಬೇರೆಬೇರೆಯಾಗುತ್ತವೆ. ರಾಯಚೂರು ಜಿಲ್ಲೆಯ 19 ಲಕ್ಷ 28 ಸಾವಿರ ಜನರದ್ದಕ್ಕೆ ಐದು ಗಂಟೆಯೂ ಬೇಡ.

ಆ ಕಡೆ ಇಷ್ಟು ದೊಡ್ಡದಾದ ಈ ಲೋಕ ನಮ್ಮ ಕಡೆ ಕಾಣುವುದು ಹೇಗೆ? ಆರು ಅಂಕಿಗಳಾಗಿ. ಸಿಂಧನೂರು 584128, ಮಸ್ಕಿ 584124, ಲಿಂಗಸುಗೂರು 584122. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡುಗಳು ದೇಶದಲ್ಲಿ 19 ಸಾವಿರಕ್ಕೂ ಹೆಚ್ಚಿವೆ. ಆ 19 ಸಾವಿರದಲ್ಲಿ ಮೂರು ನಮ್ಮವು. ವಿಮಾನದಿಂದ ಹೈದರಾಬಾದಿನಲ್ಲಿ ಇಳಿದರೆ ಮುನ್ನೂರು ಕಿಲೋಮೀಟರಿನ ಆಸುಪಾಸು, ಬೆಂಗಳೂರಿನಲ್ಲಿ ಇಳಿದರೆ ನಾನೂರರ ಆಸುಪಾಸು ಲಾರಿಯಲ್ಲಿ ಬಂದು, ಕೊನೆಯ ಒಂದೆರಡು ಕಿಲೋಮೀಟರಿಗೆ ಬೈಕಿನ ಹಿಂದೆ ಕಟ್ಟಿದ ಕಪ್ಪು ಚೀಲ ಸೇರುತ್ತದೆ ಪೊಟ್ಟಣ. ಸವಾರನ ಫೋನು ರಿಂಗಾಗುತ್ತದೆ: “ಅಣ್ಣಾ, ಪಾರ್ಸೆಲ್ ಬಂದೈತ್ರಿ, ಎಲ್ಲಿ ಅದೀರಿ?” “ಬಸ್ ಸ್ಟ್ಯಾಂಡ್ ಹಿಂದಿನ ಓಣ್ಯಾಗ ಬಾರಪಾ ತಮ್ಮ, ಬೇವಿನ ಗಿಡ ಐತಲ್ಲ, ಅದರ ಬಾಜೂ ಮನಿ.” “ಓಟಿಪಿ ಬಂದಿರತೈತಿ, ತೆಗೆದು ಇಟ್ಕೊಳ್ರಿ.” ಗಂಟೆಗೆ 830 ಕಿಲೋಮೀಟರ್ ಓಡಿ ಬಂದ ಸಾಮಾನು ಕೊನೆಗೆ ಬೇವಿನ ಗಿಡದ ಗುರುತು ಹಿಡಿದು ಬಾಗಿಲು ತಟ್ಟುತ್ತದೆ. ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ವಿಮಾನ ಹತ್ತಿ ಇಳಿದ ಸರಕು ಈ ಓಣಿಗಳನ್ನು ಕಂಡಿತ್ತು!

ಇಂಥ ಬಾಗಿಲುಗಳು ಲೋಕದಲ್ಲಿ ಎಷ್ಟು? 2024ರಲ್ಲಿ ಕೊಂಡ ದಿನವೇ ಅಥವಾ ಮರುದಿನ ಗಿರಾಕಿಯ ಕೈ ಸೇರಿದ ಸಾಮಾನುಗಳ ಸಂಖ್ಯೆ 900 ಕೋಟಿ ದಾಟಿತು ಎಂದಿದೆ ಅಮೆಜಾನ್. ಭೂಮಿಯ ಮೇಲೆ ಇರುವ ಮನುಷ್ಯರೇ ಸುಮಾರು 820 ಕೋಟಿ! ತಲೆಗೊಂದರಂತೆ ಕೊಟ್ಟ ಮೇಲೂ 80 ಕೋಟಿ ಮಿಕ್ಕುತ್ತವೆ. ಎಲ್ಲವೂ ವಿಮಾನ ಹತ್ತಿದವಲ್ಲ, ಬಹುಪಾಲು ಲಾರಿ, ವ್ಯಾನುಗಳಲ್ಲೇ ಬಂದವು. ಆದರೂ ಸೆಕೆಂಡಿಗೆ 284ರಂತೆ ವರ್ಷವಿಡೀ, ಹಬ್ಬ ಹುಣ್ಣಿಮೆ ಎನ್ನದೆ ಸಾಗಿದ ಲೆಕ್ಕವಿದು. ಒಂದೊಂದನ್ನೂ ಒಂದಡಿ ಉದ್ದದ ಡಬ್ಬಿಯಲ್ಲಿಟ್ಟು ಸಾಲಾಗಿ ಜೋಡಿಸಿದರೆ 27 ಲಕ್ಷ ಕಿಲೋಮೀಟರ್ ಮೀರುತ್ತದೆ. ಭೂಮಿಗೆ 68 ಸುತ್ತು. ಸುತ್ತಿ ಸುತ್ತಿ ಬೇಸರವಾದರೆ ಚಂದ್ರನ ಕಡೆ ತಿರುಗಿಸಿ: ಮೂರು ಸಲ ಹೋಗಿ, ಮೂರು ಸಲ ಬಂದು, ನಾಲ್ಕನೆಯ ಸಲ ಮತ್ತೆ ಚಂದ್ರನನ್ನು ಮುಟ್ಟಿಬಿಡುತ್ತದೆ ಆ ಸಾಲು.

ಆ ಕಂಪನಿಯಲ್ಲಿ ದುಡಿಯುವವರು 15 ಲಕ್ಷ ದಾಟುತ್ತಾರೆ. ರಾಯಚೂರು ಜಿಲ್ಲೆಯ ಜನರಲ್ಲಿ ಐವರಿಗೆ ನಾಲ್ವರಂತೆ ಎಲ್ಲರೂ ಒಂದೇ ಅಂಗಡಿಯಲ್ಲಿ ಕೆಲಸಕ್ಕಿದ್ದ ಹಾಗೆ. 2024ರಲ್ಲಿ ಅದರ ಒಟ್ಟು ವಹಿವಾಟು 63,800 ಕೋಟಿ ಡಾಲರ್. ರೂಪಾಯಿಗೆ ತಿರುಗಿಸಿದರೆ 53 ಲಕ್ಷ ಕೋಟಿಯ ಸುತ್ತಮುತ್ತ. ಕರ್ನಾಟಕ ಸರ್ಕಾರದ 2025-26ರ ಬಜೆಟ್ಟು 4 ಲಕ್ಷ 9 ಸಾವಿರ ಕೋಟಿ. ಅಂಥ 13 ಬಜೆಟ್ ಇದರೊಳಗೆ ಹಿಡಿಯುತ್ತವೆ. ಅಷ್ಟಕ್ಕೇ ನಿಲ್ಲಬೇಡಿ, ದೆಹಲಿಯ ಕಡೆ ನೋಡಿ. ರೈಲು, ಸೇನೆ, ಗೊಬ್ಬರ, ರೇಷನ್, ಹೆದ್ದಾರಿ ಎಲ್ಲ ಸೇರಿ ಭಾರತ ಸರ್ಕಾರ ಅದೇ ಸಾಲಿಗೆ ಮಂಡಿಸಿದ ವೆಚ್ಚ 50 ಲಕ್ಷ 65 ಸಾವಿರ ಕೋಟಿ. ನೂರ ನಲವತ್ತು ಕೋಟಿ ಜನರ ಸರ್ಕಾರದ ವರ್ಷದ ಖರ್ಚಿಗಿಂತ ಗ್ಯಾರೇಜಿನಲ್ಲಿ ಹುಟ್ಟಿದ ಅಂಗಡಿಯ ವರ್ಷದ ವಹಿವಾಟು ದೊಡ್ಡದು!

ಇದೂ ದೊಡ್ಡದೆನಿಸಿದರೆ ಇಡೀ ಲೋಕದ ಲೆಕ್ಕಕ್ಕೆ ಎದೆ ಗಟ್ಟಿ ಮಾಡಿಕೊಳ್ಳಿ. ಎಲ್ಲ ದೇಶ, ಎಲ್ಲ ಕಂಪನಿಗಳ ವಿಮಾನಗಳು ಸೇರಿ ವರ್ಷಕ್ಕೆ ಹೊರುವ ಸರಕು 6 ಕೋಟಿ ಟನ್ನಿಗೂ ಮಿಗಿಲು. ಒಂದೂವರೆ ಕೋಟಿ ಆನೆ! ಏಷ್ಯಾ, ಆಫ್ರಿಕಾ ಎರಡೂ ಕಡೆ ಇಂದು ಜೀವಂತವಾಗಿರುವ ಕಾಡಾನೆಗಳೆಲ್ಲ ಸೇರಿದರೂ 5 ಲಕ್ಷ ದಾಟವು. ಲೋಕದಲ್ಲಿರುವ ಆನೆಗಳ ಮೂವತ್ತು ಪಟ್ಟು ಭಾರ ಪ್ರತಿ ವರ್ಷ ನಮ್ಮ ತಲೆಯ ಮೇಲೆ ಹಾದುಹೋಗುತ್ತಿದೆ. ಒಂದೊಂದು ಆನೆಗೆ ಆರು ಮೀಟರ್ ಜಾಗ ಕೊಟ್ಟು ಸಾಲು ಹಿಡಿಸಿದರೆ ಮೆರವಣಿಗೆ ಭೂಮಿಯನ್ನು ಎರಡು ಸುತ್ತು ಸುತ್ತಿ ಇನ್ನೂ ಮುಂದಕ್ಕೆ ಹೋಗುತ್ತದೆ. ಇಷ್ಟಾದರೂ, ಕೇಳಿ, ದೇಶ ದೇಶಗಳ ನಡುವಿನ ವ್ಯಾಪಾರದ ಗಾತ್ರದಲ್ಲಿ ವಿಮಾನದ ಪಾಲು ನೂರಕ್ಕೆ ಒಂದೂ ಇಲ್ಲ! ಬೆಲೆಯಲ್ಲಿ ಮಾತ್ರ ಮೂರನೆಯ ಒಂದು ಪಾಲಿಗೂ ಹೆಚ್ಚು. ಒಂದೇ ಮೀಟರಿನ ಚಿನ್ನದ ಗಟ್ಟಿಗೆ ವಿಮಾನ ಭರ್ತಿಯಾಗುವ ಲೆಕ್ಕ ಇಲ್ಲಿ ಲೋಕದ ಮಟ್ಟದಲ್ಲಿ ಕೆಲಸ ಮಾಡುತ್ತಿದೆ: ಬೆಲೆ ಹೆಚ್ಚಿದ್ದು ಮೇಲೆ ಹಾರುತ್ತದೆ, ಭಾರ ಹೆಚ್ಚಿದ್ದು ಹಡಗು ಹತ್ತುತ್ತದೆ.

ಈ ಬೃಹತ್ ಲೆಕ್ಕದಲ್ಲಿ ನಮ್ಮ ಮೂರು ತಾಲ್ಲೂಕುಗಳು ಬರೀ ಕೊಳ್ಳುವ ಕಡೆಯೇ ಉಳಿಯಬೇಕಿಲ್ಲ. ರಾಯಚೂರಿನ ಅಂಚಿನ ಯರಮರಸ್‌ನಲ್ಲಿ ವಿಮಾನ ನಿಲ್ದಾಣ ಬೇಕೆಂಬುದು ಜಿಲ್ಲೆಯ ಬಹುದಿನಗಳ ಬೇಡಿಕೆ. ಅಲ್ಲಿಂದ ಸಿಂಧನೂರು ತೊಂಬತ್ತು ಕಿಲೋಮೀಟರಿನ ಆಸುಪಾಸು, 737ಕ್ಕೆ ಏಳು ನಿಮಿಷವೂ ಹಿಡಿಯದ ದೂರ. ಸೋನಾ ಮಸೂರಿ ಬೆಳೆಯುವ, ಹತ್ತಿ, ಮೆಣಸಿನಕಾಯಿ ಬೆಳೆಯುವ ಜಿಲ್ಲೆ ಇದು. ಚಿನ್ನ ತೆಗೆಯುವ ಜಿಲ್ಲೆಯೂ ಹೌದು. ಜಿಲ್ಲೆಯ ಪ್ರತಿಯೊಬ್ಬರ ದುಡಿಮೆಯಿಂದ ವರ್ಷಕ್ಕೆ ಒಂದೇ ಒಂದು ಪೊಟ್ಟಣ ಹೊರಗೆ ಹೋದರೆ ಸಾಕು, 96 ವಿಮಾನ ಭರ್ತಿ. 2011ರ ಗಣತಿಯ 6 ಕೋಟಿ 11 ಲಕ್ಷ ಕನ್ನಡನಾಡಿನವರೆಲ್ಲ ಅಷ್ಟೇ ಮಾಡಿದರೆ 3,055 ಹಾರಾಟ, ದಿನಕ್ಕೆ ಎಂಟು ವಿಮಾನ. ಅದೇ ಗಣತಿಯ 121 ಕೋಟಿ ಭಾರತೀಯರೂ ಕೈಗೂಡಿಸಿದರೆ 60,500 ಹಾರಾಟ, ದಿನಕ್ಕೆ 165. ತಲೆಗೆ ವರ್ಷಕ್ಕೊಂದೇ ಪೊಟ್ಟಣ ಕಳಿಸುವ ದೇಶಕ್ಕೂ ಹಗಲಿರುಳು ಒಂಬತ್ತು ನಿಮಿಷಕ್ಕೊಂದು ವಿಮಾನ ಬೇಕು!